ಮಾತ್ರೆ ಒಂದೋ ನಾಲ್ಕೋ: ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆ ಮತ್ತು ಸರ್ಕಾರದ ಹಣ

ಪುರುಷರ ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಸುತ್ತುವರಿದಿರುವ, ದೊಡ್ಡ ಅಡಿಕೆಯಷ್ಟು ಗಾತ್ರದ ಗ್ರಂಥಿಯೇ ಪ್ರಾಸ್ಟೇಟ್. ವಯಸ್ಸಾದಂತೆ ಅದು ಊದಿಕೊಳ್ಳುವುದು ಸಾಮಾನ್ಯವಾದ್ದರಿಂದ, ರಾತ್ರಿ ನಾಲ್ಕಾರು ಬಾರಿ ಮೂತ್ರಕ್ಕೆ ಏಳಬೇಕಾದ ಹಿರಿಯರು ಅದನ್ನು ಮುಪ್ಪಿನ ಪಾಡೆಂದು ಸಹಿಸಿಕೊಳ್ಳುತ್ತಾರೆ; ಅವರಲ್ಲಿ ಕೆಲವರ ಗ್ರಂಥಿಯಲ್ಲಿ ಕ್ಯಾನ್ಸರ್ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಮಕ್ಕಳು ಮುಂಬಯಿಗೋ ಗಲ್ಫಿಗೋ ಹೋಗಿ ಹಿರಿಯರಷ್ಟೇ ಉಳಿದ ಮನೆಗಳು ಹೇರಳವಾಗಿರುವ ಉಡುಪಿ ಜಿಲ್ಲೆಗೆ ಇದು ದೂರದ ವಿಷಯವಲ್ಲ. ಬನ್ನಂಜೆಯಿಂದ ಮಣಿಪಾಲದ ಆಸ್ಪತ್ರೆಗೆ ಐದಾರು ಕಿಲೋಮೀಟರು, ಕಾಪು ಕಾರ್ಕಳದವರಿಗೂ ಅದು ಬೆಳಿಗ್ಗೆ ಹೋಗಿ ಸಂಜೆ ಮರಳುವ ದಾರಿ. ಚಿಕಿತ್ಸೆ ಇಷ್ಟು ಹತ್ತಿರವಿದ್ದರೂ, ಆ ಚಿಕಿತ್ಸೆಯ ಹಿಂದಿನ ತಿಳಿವಳಿಕೆ ಯಾರ ಹಣದಿಂದ ಹುಟ್ಟಿತೆಂದು ಕೇಳುವವರು ಕಡಿಮೆ.

ಉಡುಪಿ ಪ್ರತ್ಯೇಕ ಜಿಲ್ಲೆಯಾದ 1997ರಲ್ಲೇ ಅಮೆರಿಕದ ಸಂಸತ್ತು ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆಗೆಂದು 4.5 ಕೋಟಿ ಡಾಲರ್ ತೆಗೆದಿರಿಸಿತು, ಅದೂ ವಿಚಿತ್ರವೆನ್ನಿಸುವಂತೆ ರಕ್ಷಣಾ ಇಲಾಖೆಯ ಲೆಕ್ಕದಲ್ಲಿ. ಆ ಯೋಜನೆಯಲ್ಲಿ ಹಣ ಬೇಡುವ ಅರ್ಜಿಗಳನ್ನು ತೂಗಿ ನೋಡುವ ಸಮಿತಿಗಳಲ್ಲಿ ವಿಜ್ಞಾನಿಗಳ ಪಕ್ಕದಲ್ಲೇ ಈ ರೋಗವನ್ನು ಅನುಭವಿಸಿದವರೂ ಕುಳಿತು ಅಂಕ ಕೊಡುತ್ತಾರೆ. ಅಲ್ಲಿನ ಸರ್ಕಾರಿ ಹಣದ ನೆರವಿನಿಂದ ಕ್ಯಾಲಿಫೋರ್ನಿಯದ ವಿಶ್ವವಿದ್ಯಾಲಯವೊಂದರಲ್ಲಿ ರೂಪುಗೊಂಡ ಎಂಜಾಲುಟಮೈಡ್ ಎಂಬ ಔಷಧಕ್ಕೆ 2012ರಲ್ಲಿ ಮಾನ್ಯತೆ ದೊರೆಯಿತು. ತೆರಿಗೆದಾರರ ಹಣದಲ್ಲಿ ಹುಟ್ಟಿದ ಔಷಧವನ್ನು ಅದೇ ತೆರಿಗೆದಾರರು ದುಬಾರಿ ಬೆಲೆ ತೆತ್ತು ಕೊಳ್ಳಬೇಕಾಗಿರುವುದು ಅಲ್ಲಿನ ಇನ್ನೂ ಮುಗಿಯದ ಜಗಳ.

ಭಾರತದಲ್ಲಿ ವೈದ್ಯಕೀಯ ಸಂಶೋಧನೆಗೆ ಹಣ ಒದಗಿಸುವ ಸರ್ಕಾರಿ ಸಂಸ್ಥೆಗಳಲ್ಲಿ ಮುಖ್ಯವಾದುದು 1911ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾಗಿ 1949ರಲ್ಲಿ ಈಗಿನ ಹೆಸರು ಪಡೆದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್. 1953ರಲ್ಲಿ ಡಾ. ಟಿ.ಎಂ.ಎ. ಪೈ ಸ್ಥಾಪಿಸಿದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಂತಹ ಖಾಸಗಿ ಸಂಸ್ಥೆಗಳ ಸಂಶೋಧಕರೂ ಅದಕ್ಕೆ ಅರ್ಜಿ ಹಾಕಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದು ಬಂದಿರುವ ಕ್ಯಾನ್ಸರ್ ನೋಂದಣಿಯೂ ಐಸಿಎಂಆರ್ ಯೋಜನೆಯ ಭಾಗವೇ. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಬಂತೆಂದು ವರ್ಷಗಟ್ಟಲೆ ಎಣಿಸುತ್ತ ಕೂರುವ ಈ ನೀರಸ ಕೆಲಸಕ್ಕೆ ಯಾವ ಕಂಪನಿಯೂ ಹಣ ಹಾಕದು. ಆದರೆ ಆ ಎಣಿಕೆಯಿಲ್ಲದೆ ಮುಂದಿನ ಯಾವ ಯೋಜನೆಗೂ ತಳಪಾಯವಿಲ್ಲ, ಬೆಂಗಳೂರಿನ ಅಂಕಿಗಳನ್ನು ಕರಾವಳಿಯ ಮೇಲೆ ಹಾಗೆಯೇ ಹೊರಿಸುವಂತೆಯೂ ಇಲ್ಲ.

ಸರ್ಕಾರಿ ಹಣ ಏನು ಮಾಡಬಲ್ಲದು ಎಂಬುದಕ್ಕೆ ಅಣುಶಕ್ತಿ ಇಲಾಖೆಯ ಅಧೀನದಲ್ಲಿರುವ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಒಂದು ಪ್ರಯೋಗ ಸಾಕ್ಷಿ. ರೋಗ ಉಲ್ಬಣಿಸುವ ಅಪಾಯ ಹೆಚ್ಚಿದ್ದ 224 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಪ್ರಾಸ್ಟೇಟ್ ಗ್ರಂಥಿಗಷ್ಟೇ ವಿಕಿರಣ ಕೊಟ್ಟು, ಉಳಿದವರಿಗೆ ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳಿಗೂ ಕೊಟ್ಟು ಹೋಲಿಸಲಾಯಿತು. ಪ್ರಾಸ್ಟೇಟ್ ರಕ್ತಕ್ಕೆ ಬಿಡುವ ಪಿಎಸ್‌ಎ ಎಂಬ ಪ್ರೋಟೀನು ಮತ್ತೆ ಏರತೊಡಗಿದರೆ ರೋಗ ಮರಳಿದ ಸೂಚನೆ. ಐದು ವರ್ಷಗಳ ಬಳಿಕ ಅಂತಹ ಏರಿಕೆ ಕಾಣದೆ ಉಳಿದವರು ಮೊದಲ ಗುಂಪಿನಲ್ಲಿ ಶೇ. 81, ಎರಡನೆಯದರಲ್ಲಿ ಶೇ. 95. ಒಟ್ಟು ಆಯುಸ್ಸಿನಲ್ಲಿ ಆ ಹೊತ್ತಿಗೆ ಅಂತರ ಕಂಡಿರಲಿಲ್ಲವಾದರೂ, 2021ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಹೊರದೇಶಗಳ ವೈದ್ಯರೂ ಗಂಭೀರವಾಗಿ ಪರಿಗಣಿಸಿದರು.

ಇನ್ನೊಂದು ಪ್ರಶ್ನೆ ಊಟದ ಎಲೆಗೇ ಸಂಬಂಧಿಸಿದ್ದು. ಗಂಡು ಹಾರ್ಮೋನಿನ ಉತ್ಪತ್ತಿಯನ್ನು ತಡೆಯುವ ಅಬಿರಾಟರೋನ್ ಔಷಧವನ್ನು 250 ಮಿಲಿಗ್ರಾಂನ ನಾಲ್ಕು ಮಾತ್ರೆಗಳಂತೆ ದಿನವೂ ಖಾಲಿ ಹೊಟ್ಟೆಯಲ್ಲಿ ನುಂಗಬೇಕೆಂಬುದು ನಿಯಮ, ಏಕೆಂದರೆ ಊಟದೊಂದಿಗೆ ಅದು ಹಲವು ಪಟ್ಟು ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಹಾಗಾದರೆ ತಿಂಡಿಯೊಂದಿಗೆ ಒಂದೇ ಮಾತ್ರೆ ಸಾಲದೇ ಎಂದು ಷಿಕಾಗೊ ವಿಶ್ವವಿದ್ಯಾಲಯದ ವೈದ್ಯರ ನೇತೃತ್ವದಲ್ಲಿ 72 ರೋಗಿಗಳ ಮೇಲೆ ನಡೆದ ಅಧ್ಯಯನ ಕೇಳಿತು; ಜಿಡ್ಡು ಕಡಿಮೆಯಿರುವ ತಿಂಡಿಯೊಂದಿಗೆ ಒಂದು ಮಾತ್ರೆ ತೆಗೆದುಕೊಂಡವರ ಪಿಎಸ್‌ಎ ಇಳಿಕೆ ನಾಲ್ಕು ನುಂಗಿದವರಿಗಿಂತ ಕಡಿಮೆಯೇನೂ ಆಗಲಿಲ್ಲವೆಂದು 2018ರಲ್ಲಿ ವರದಿಯಾಯಿತು. ಅಧ್ಯಯನ ಚಿಕ್ಕದು, ಆದ್ದರಿಂದ ವೈದ್ಯರನ್ನು ಕೇಳದೆ ಯಾರೂ ಮಾತ್ರೆ ಕಡಿಮೆ ಮಾಡಬಾರದು. ಆದರೆ ಕುಚ್ಚಲಕ್ಕಿ ಗಂಜಿ–ಉಪ್ಪಿನಕಾಯಿಯ ಜೊತೆ ಈ ಮಾತ್ರೆ ಹೇಗೆ ವರ್ತಿಸುತ್ತದೆ, ಎಣ್ಣೆಯಲ್ಲಿ ಕರಿದ ಬನ್ಸ್ ಅಥವಾ ಗೋಳಿಬಜೆಯ ಜೊತೆ ಹೇಗೆ ಎಂಬುದನ್ನು ಉಡುಪಿಯಲ್ಲಲ್ಲದೆ ಇನ್ನೆಲ್ಲಿ ಪರೀಕ್ಷಿಸಬೇಕು? ಮಾರಾಟ ನಾಲ್ಕರಲ್ಲಿ ಒಂದಕ್ಕಿಳಿಯುವ ಪ್ರಯೋಗಕ್ಕೆ ತಯಾರಕರು ದುಡ್ಡು ಸುರಿಯುವುದಿಲ್ಲ. ಅದು ಸರ್ಕಾರದಿಂದಲೇ ಬರಬೇಕು. 2020–21ರಲ್ಲಿ ದೇಶ ಎಲ್ಲ ಬಗೆಯ ಸಂಶೋಧನೆಗೂ ಸೇರಿ ವ್ಯಯಿಸಿದ್ದು ಒಟ್ಟು ಆಂತರಿಕ ಉತ್ಪನ್ನದ ಶೇ. 0.64 ಮಾತ್ರ.

ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳು ಐಸಿಎಂಆರ್ ನಡೆಸುವ ಸಿಟಿಆರ್‌ಐ ಎಂಬ ನೋಂದಣಿಯಲ್ಲಿ ದಾಖಲಾಗುವುದು 2009ರಿಂದ ಕಡ್ಡಾಯವಾಗಿದ್ದು, ಹಣ ಯಾರದೆಂಬುದನ್ನೂ ಅಲ್ಲಿ ನಮೂದಿಸಿರುತ್ತಾರೆ. ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರಕ್ಕೆ ರುಜು ಕೇಳಿದಾಗ ರೋಗಿಯಾಗಲಿ ಮನೆಯವರಾಗಲಿ ಆ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಬೇಕು.