ಕೊಂಡ ಸೈಕಲ್ಲಿಗೆ ಲೆಕ್ಕವಿದೆ, ಕೆಟ್ಟ ಸೈಕಲ್ಲಿಗಿಲ್ಲ

ಮೈಸೂರಿನ ಸಾರ್ವಜನಿಕ ಸೈಕಲ್ ಯೋಜನೆ ‘ಟ್ರಿಣ್ ಟ್ರಿಣ್’ 2017ರ ಜೂನ್ ತಿಂಗಳಲ್ಲಿ ಶುರುವಾದಾಗ ಬೀದಿಗಿಳಿದದ್ದು 450 ಸೈಕಲ್‌ಗಳು. ಅವಕ್ಕೆ ಊರಿನ ಉದ್ದಗಲಕ್ಕೂ ಐವತ್ತರ ಆಸುಪಾಸು ನಿಲ್ದಾಣಗಳು. ಒಂದು ನಿಲ್ದಾಣದಲ್ಲಿ ಕಾರ್ಡ್ ತೋರಿಸಿ ಸೈಕಲ್ ಬಿಡಿಸಿಕೊಂಡು, ಇನ್ನೊಂದರಲ್ಲಿ ಸಿಕ್ಕಿಸಿ ಹೋಗಬಹುದಿತ್ತು. ಆರಂಭದಲ್ಲಿ ಅರ್ಧ ಗಂಟೆಯ ಸವಾರಿಗೆ 5 ರೂಪಾಯಿ. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ, ಮೈಸೂರು ಮಹಾನಗರ ಪಾಲಿಕೆ ಮತ್ತು ಜಾಗತಿಕ ಪರಿಸರ ನಿಧಿಯ ಬೆಂಬಲದಲ್ಲಿ ನಡೆದ ಈ ಯೋಜನೆಯ ಗಾತ್ರ ಸುಮಾರು 20 ಕೋಟಿ ರೂಪಾಯಿ. ಆ ಮೊತ್ತವನ್ನು 450ರಿಂದ ಭಾಗಿಸಿ ನೋಡಿ: ಒಂದೊಂದು ಸೈಕಲ್ಲಿನ ಪಾಲಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು. ಅಂಗಡಿಯಲ್ಲಿ ಒಂದು ಗಟ್ಟಿಮುಟ್ಟಾದ ಸೈಕಲ್ ಕೆಲವು ಸಾವಿರಕ್ಕೆ ಸಿಗುತ್ತದೆ. ಉಳಿದದ್ದೆಲ್ಲ ನಿಲ್ದಾಣ, ಬೀಗ, ತಂತ್ರಾಂಶ, ಸಾಗಣೆ, ಸಿಬ್ಬಂದಿ, ರಿಪೇರಿಗೆ ಸೇರಿದ್ದು. ಸಾರ್ವಜನಿಕ ಸೈಕಲ್ ಯೋಜನೆಯಲ್ಲಿ ಅತಿ ಅಗ್ಗದ ವಸ್ತುವೆಂದರೆ ಸೈಕಲ್ಲೇ.

ನಮ್ಮ ಹಾಸನದ ಮಟ್ಟಿಗೆ ಈ ಮಾತನ್ನು ಈಗಲೇ ಆಡಬೇಕಾಗಿದೆ. ಊರು ಬೆಳೆಯುತ್ತಿದೆ, ಬಿ.ಎಂ. ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ಕಾಲೇಜುಗಳಿವೆ, ದೊಡ್ಡ ಆಸ್ಪತ್ರೆಯಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಬಸ್ ನಿಲ್ದಾಣದಿಂದ ತಾಲ್ಲೂಕು ಕಚೇರಿಗೋ ಸಂತೆಗೋ ಹೋಗುವ ದೂರ ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ. ಇಂಥ ಊರುಗಳು ಯಾವುದಾದರೂ ಅನುದಾನದಲ್ಲಿ ಸೈಕಲ್ ತರಿಸುವ ದಿನ ಬಹಳ ದೂರವಿಲ್ಲ ಎಂದು ನನ್ನ ಅಂದಾಜು. ತರಿಸಲಿ ಎಂಬುದೇ ನನ್ನ ಆಸೆಯೂ ಹೌದು. ಆದರೆ ನಮ್ಮಲ್ಲಿ ಅನುದಾನ ಬರುವುದು ಕೊಳ್ಳಲಿಕ್ಕೆ. ಕೊಂಡದ್ದನ್ನು ನಡೆಸಲಿಕ್ಕೆ ಅಲ್ಲ. ಹಾಗೆ ತಂದ ಸೈಕಲ್ಲುಗಳು ಎರಡು ಮೂರು ಮಳೆಗಾಲದೊಳಗೆ ಹೇಗೆ ಗುಜರಿಯಾಗುತ್ತವೆ ಎಂಬುದನ್ನು ಊಹಿಸಬೇಕಿಲ್ಲ, ಲೆಕ್ಕ ಹಾಕಬಹುದು.

ಹಂಚಿಕೊಳ್ಳುವ ಸೈಕಲ್ ನಮ್ಮ ಊರುಗಳಿಗೆ ಹೊಸದೇನಲ್ಲ. ಮೊಪೆಡ್ಡು, ಬೈಕು ಮನೆಮನೆಗೆ ಬರುವ ಮೊದಲು ಪ್ರತಿ ಪೇಟೆಯಲ್ಲೂ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿಗಳಿದ್ದವು. ಮಡ್‌ಗಾರ್ಡಿನ ಮೇಲೆ ಪೇಂಟಿನಲ್ಲಿ ಬರೆದ ನಂಬರು, ಪುಸ್ತಕದಲ್ಲಿ ಒಯ್ದವರ ಹೆಸರು, ಹೋದ ಹೊತ್ತು. ವಾಪಸು ತಂದಾಗ ಅಂಗಡಿಯವನು ಮಾಡುತ್ತಿದ್ದ ಕೆಲಸ ಗಮನಿಸುವಂಥದು. ಹಿಂದಿನ ಚಕ್ರ ಎತ್ತಿ ಒಮ್ಮೆ ತಿರುಗಿಸುತ್ತಿದ್ದ. ರಿಮ್ಮು ಬ್ರೇಕಿಗೆ ಉಜ್ಜುತ್ತದೆಯೇ, ಬೆಂಡಾಗಿದೆಯೇ ಎಂದು ಕಣ್ಣಿಗೆ ಕಾಣುತ್ತಿತ್ತು. ಹೆಬ್ಬೆರಳಿನಲ್ಲಿ ಟೈರು ಒತ್ತಿ ಗಾಳಿ ನೋಡುತ್ತಿದ್ದ. ಬ್ರೇಕ್ ಹಿಡಿದು ಬಿಡುತ್ತಿದ್ದ. ಇಷ್ಟಕ್ಕೆ ಅರ್ಧ ನಿಮಿಷ ಸಾಕು. ಏನಾದರೂ ಕೆಟ್ಟಿದ್ದರೆ ಒಯ್ದವನ ಎದುರೇ ಮಾತಾಗುತ್ತಿತ್ತು, ರಿಪೇರಿ ಅದೇ ಅಂಗಡಿಯಲ್ಲಿ ಅದೇ ಸಂಜೆ. ಮಾಲೀಕ, ಗುಮಾಸ್ತ, ಮೆಕ್ಯಾನಿಕ್ ಮೂವರೂ ಒಬ್ಬನೇ.

ಇಂದಿನ ನಿಲ್ದಾಣದ ಬೀಗಕ್ಕೆ ಸೈಕಲ್ ಬಂತು ಎಂಬುದಷ್ಟೇ ಗೊತ್ತು. ಬ್ರೇಕ್ ತಂತಿ ಸಡಿಲಾಗಿದೆ, ಪೆಡಲ್ ಅಲುಗುತ್ತಿದೆ, ಸೀಟು ತಿರುಗಿಕೊಂಡಿದೆ ಎಂಬುದು ಗೊತ್ತಿಲ್ಲ. ಸ್ವಂತ ಸೈಕಲ್ಲಿನಲ್ಲಿ ಕಟಕಟ ಸದ್ದು ಬಂದರೆ ಎರಡು ದಿನ ತಡೆದಾದರೂ ಅಂಗಡಿಗೆ ಒಯ್ಯುತ್ತೇವೆ. ಹಂಚಿಕೆಯ ಸೈಕಲ್ಲಿನ ಅದೇ ಸದ್ದನ್ನು ಹತ್ತಾರು ಜನ ಕೇಳುತ್ತಾರೆ, ಹತ್ತಾರು ಜನವೂ ಸುಮ್ಮನೆ ಸಿಕ್ಕಿಸಿ ಹೋಗುತ್ತಾರೆ. ಇದರಲ್ಲಿ ಯಾರದೂ ಕೆಟ್ಟತನವಿಲ್ಲ. ಪ್ರತಿ ವಾಪಸಾತಿಯಲ್ಲೂ ಇದ್ದ ಆ ಅರ್ಧ ನಿಮಿಷದ ಕಣ್ಣು ಈಗ ಇಲ್ಲ, ಅಷ್ಟೆ. ಸೈಕಲ್ ನಿರ್ವಹಣೆಯ ವೆಚ್ಚದ ದೊಡ್ಡ ಭಾಗವೆಂದರೆ ಆ ಕಣ್ಣನ್ನು ಸಂಬಳ ಕೊಟ್ಟು ಮರಳಿ ತರುವ ವೆಚ್ಚ.

ಸವೆತ ನಡೆಯುವ ಬಗೆಯನ್ನು ಚೈನಿನಲ್ಲೇ ನೋಡೋಣ. ಸೈಕಲ್ ಚೈನಿನ ಒಂದು ಕೊಂಡಿಯ ಅಳತೆ ಅರ್ಧ ಅಂಗುಲ. 12 ಅಂಗುಲಕ್ಕೆ ಸರಿಯಾಗಿ 24 ಕೊಂಡಿ. ಕೊಂಡಿಗಳನ್ನು ಹಿಡಿದಿರುವ ಪಿನ್ನುಗಳ ಸುತ್ತ ಎಣ್ಣೆಯ ತೆಳು ಪದರ ಇರಬೇಕು. ಅದಕ್ಕೆ ಧೂಳು ಸೇರಿದರೆ ಉಪ್ಪು ಕಾಗದದಂತೆ ಪಿನ್ನನ್ನು ಉಜ್ಜುವ ಲೇಪವಾಗುತ್ತದೆ. ಮಳೆ ಬಿದ್ದರೆ ಎಣ್ಣೆ ತೊಳೆದುಹೋಗಿ ತುಕ್ಕು ಹಿಡಿಯುತ್ತದೆ. ಪಿನ್ನು ಸವೆದಷ್ಟೂ ಚೈನು ಉದ್ದವಾಗುತ್ತದೆ. ಸ್ಕೇಲು ಹಿಡಿದು 24 ಕೊಂಡಿ ಅಳೆದಾಗ ಅಂಗುಲದ ಹದಿನಾರನೇ ಒಂದು ಪಾಲು ಹೆಚ್ಚಿದ್ದರೆ ಚೈನು ಬದಲಿಸುವ ಹೊತ್ತು. ಎಂಟನೇ ಒಂದು ಪಾಲು ಹೆಚ್ಚಿದ್ದರೆ, ಅಂದರೆ ಶೇ 1ರಷ್ಟು ಉದ್ದವಾಗಿದ್ದರೆ, ಅದು ಹಲ್ಲುಚಕ್ರವನ್ನೂ ತಿಂದಿರುತ್ತದೆ. ಆಮೇಲೆ ಹೊಸ ಚೈನು ಹಾಕಿದರೂ ಸವೆದ ಹಲ್ಲುಗಳ ಮೇಲೆ ಜಾರುತ್ತದೆ; ಚೈನಿನ ಜೊತೆ ಹಲ್ಲುಚಕ್ರ, ಫ್ರೀವ್ಹೀಲ್ ಎಲ್ಲವನ್ನೂ ಬದಲಿಸಬೇಕು. ಒಂದು ಚೈನಿನ ಖರ್ಚು ಮೂರು ಬಿಡಿಭಾಗಗಳ ಖರ್ಚಾಗುತ್ತದೆ. ಕಡಿಮೆ ಗಾಳಿಯಲ್ಲಿ ಓಡಿದ ಟೈರು ಗುಂಡಿಗೆ ಬಿದ್ದಾಗ ರಿಮ್ಮು ಟ್ಯೂಬನ್ನು ಕಚ್ಚುವುದು, ಸಡಿಲಾದ ಒಂದು ಕಡ್ಡಿಯ ಭಾರ ಪಕ್ಕದ ಕಡ್ಡಿಗಳ ಮೇಲೆ ಬಿದ್ದು ಅವೂ ಮುರಿಯುವುದು, ಗ್ರೀಸಿಲ್ಲದ ಬೇರಿಂಗ್ ಗುಂಡುಗಳು ತಾವು ಕೂತ ಬಟ್ಟಲನ್ನು ಕೊರೆಯುವುದು, ಎಲ್ಲವೂ ಇದೇ ದಾರಿ ಹಿಡಿಯುತ್ತವೆ.

ಈಗ ಇಡೀ ಊರಿನ ಲೆಕ್ಕ. ಸರಳವಾಗಿರಲೆಂದು 450 ಸೈಕಲ್ಲುಗಳಲ್ಲಿ ಪ್ರತಿಯೊಂದೂ ತಿಂಗಳಿಗೊಮ್ಮೆ ಏನಾದರೊಂದು ತೊಂದರೆ ಕೊಡುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 15 ರಿಪೇರಿ. ಕೆಲಸಗಾರರಿಂದ ದಿನಕ್ಕೆ 15 ಆದರೆ ಸಮ. ಹತ್ತೇ ಆದರೆ? ದಿನಕ್ಕೆ ಐದು ಸೈಕಲ್ ಹಿಂದೆ ಬೀಳುತ್ತವೆ. ಕೆಟ್ಟವು ಮೂಲೆ ಸೇರಿದಂತೆ ಓಡುವವು ಕಡಿಮೆಯಾಗುತ್ತವೆ, ಕಡಿಮೆ ಸೈಕಲ್ಲಿಗೆ ಕಡಿಮೆ ರಿಪೇರಿ. ಹಾಗಾಗಿ 300ಕ್ಕೆ ಬಂದು ನಿಲ್ಲುತ್ತದೆ, 150 ಮಾತ್ರ ಶಾಶ್ವತವಾಗಿ ಮೂಲೆಯಲ್ಲಿ ಎಂದು ಕಾಗದದ ಮೇಲೆ ತೋರಿಸಬಹುದು. ಆದರೆ ಸೈಕಲ್ ಕೆಡುವುದು ದಿನದ ಲೆಕ್ಕದಲ್ಲಲ್ಲ, ಓಡಿದ ದೂರದ ಲೆಕ್ಕದಲ್ಲಿ. ಸವಾರರು ಅಷ್ಟೇ ಇದ್ದು ಸೈಕಲ್ 300 ಆದರೆ ಪ್ರತಿಯೊಂದರ ಮೇಲೂ ಒಂದೂವರೆ ಪಟ್ಟು ಹೊರೆ ಬೀಳುತ್ತದೆ. ದಿನಕ್ಕೆ ಕೆಡುವವು 15ರಷ್ಟೇ ಇರುತ್ತವೆ. ದಿನಕ್ಕೆ ಐದರಂತೆ ಮೂಲೆ ಸೇರುವುದೂ ನಿಲ್ಲುವುದಿಲ್ಲ. 450ನ್ನು ಐದರಿಂದ ಭಾಗಿಸಿದರೆ 90 ದಿನ.

ನಿಜದಲ್ಲಿ 90 ದಿನಕ್ಕೆ ಯಾವ ಯೋಜನೆಯೂ ಸೊನ್ನೆಗೆ ಇಳಿಯುವುದಿಲ್ಲ, ಏಕೆಂದರೆ ಅದಕ್ಕೆ ಮೊದಲೇ ಸವಾರರು ಬಿಟ್ಟುಹೋಗುತ್ತಾರೆ. ಸಮತೋಲ ಬರುವುದು ರಿಪೇರಿಯಿಂದಲ್ಲ, ಜನ ಬೇಸತ್ತು ದೂರವಾಗುವುದರಿಂದ. ಹಾಗಾದಾಗ ಆದಾಯ ಇಳಿಯುತ್ತದೆ, ಆದಾಯ ಇಳಿದರೆ ಮೊದಲು ಕತ್ತರಿ ಬೀಳುವುದು ರಿಪೇರಿಯ ಹಣಕ್ಕೆ, ದಿನಕ್ಕೆ ಹತ್ತು ಇದ್ದ ರಿಪೇರಿ ಎಂಟಾಗುತ್ತದೆ.

ಇನ್ನೊಂದು ಸಂಗತಿಯಿದೆ, ಅದನ್ನು ಅಧಿಕಾರಿಗಳ ವರದಿಗಳಲ್ಲಿ ಕಾಣುವುದು ಅಪರೂಪ. ನಿಲ್ದಾಣದಲ್ಲಿ ಹತ್ತು ಸೈಕಲ್ಲಿದ್ದು ಎರಡು ಕೆಟ್ಟಿವೆ ಎನ್ನಿ. ಬೆಳಿಗ್ಗೆ ಬಂದವರು ಚೆನ್ನಾಗಿರುವ ಎಂಟನ್ನು ಒಯ್ಯುತ್ತಾರೆ. ಒಂಬತ್ತು ಗಂಟೆಗೆ ಬಂದವರಿಗೆ ಕಾಣುವುದು ಉಳಿದ ಎರಡು, ಎರಡೂ ಕೆಟ್ಟವು. ನಿಲ್ದಾಣದ ಲೆಕ್ಕದಲ್ಲಿ ಕೆಟ್ಟವು ಶೇ 20 ಮಾತ್ರ. ಆ ಸವಾರನ ಅನುಭವದಲ್ಲಿ ಶೇ 100. ಒಳ್ಳೆಯವು ಸದಾ ಓಡಾಡುತ್ತಿರುತ್ತವೆ, ಕೆಟ್ಟವು ಸದಾ ಎದುರಿಗೇ ನಿಂತಿರುತ್ತವೆ. ಪರದೆಯ ಮೇಲೆ ಮಾತ್ರ ‘ಎರಡು ಸೈಕಲ್ ಲಭ್ಯ’ ಎಂದೇ ಇರುತ್ತದೆ. ಹಾಗಾಗಿ ಹಾಳಾಗುವಿಕೆ ಅಂಕಿಅಂಶದಲ್ಲಿ ಕಾಣುವ ಬಹಳ ಮೊದಲೇ ಜನರ ನಂಬಿಕೆ ಹೋಗಿರುತ್ತದೆ.

ಶ್ರೀಮಂತ ನಗರಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. ಪ್ಯಾರಿಸ್ಸಿನ ‘ವೆಲಿಬ್’ ಶುರುವಾದದ್ದು 2007ರ ಜುಲೈನಲ್ಲಿ. 2009ರ ಹೊತ್ತಿಗೆ ಮೊದಲ 20,600 ಸೈಕಲ್ಲುಗಳಲ್ಲಿ ಶೇ 80ರಷ್ಟು ಕಳುವಾಗಿದ್ದವು ಇಲ್ಲವೇ ಹಾಳಾಗಿದ್ದವು. ದಿನಕ್ಕೆ ಸುಮಾರು 1,500 ಸೈಕಲ್ ರಿಪೇರಿಯಾಗಬೇಕಿತ್ತು. ಅದಕ್ಕೆ ಊರಿನ ಕಾರ್ಯಾಗಾರಗಳ ಜೊತೆಗೆ ಸೇನ್ ನದಿಯಲ್ಲಿ ಓಡಾಡುವ ಒಂದು ದೋಣಿಯನ್ನೇ ಕಾರ್ಯಾಗಾರ ಮಾಡಿಕೊಂಡಿದ್ದರು. ಪ್ಯಾರಿಸ್ ಉಳಿದುಕೊಂಡದ್ದು ಆ ವೆಚ್ಚ ಹೊರುವವರು ಇದ್ದದ್ದರಿಂದ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ‘ಮೊಬೈಕ್’ ಕಂಪನಿ ನಿಲ್ದಾಣವೇ ಇಲ್ಲದ ಸೈಕಲ್ ತಂದದ್ದು 2017ರ ಜೂನ್‌ನಲ್ಲಿ, ಮೈಸೂರಿನ ಟ್ರಿಣ್ ಟ್ರಿಣ್ ಶುರುವಾದ ತಿಂಗಳಲ್ಲೇ. 2018ರ ಸೆಪ್ಟೆಂಬರಿನಲ್ಲಿ ಅದು ಊರು ಬಿಡುವಾಗ ಕೊಟ್ಟ ಕಾರಣ, ಕಳವು ಮತ್ತು ಹಾನಿಯಿಂದ ತಿಂಗಳಿಗೆ ಶೇ 10ರಷ್ಟು ಸೈಕಲ್ ಹೋಗುತ್ತಿವೆ ಎಂದು. ಶೇ 10 ಕೇಳಲು ಸಣ್ಣದು. ಅದೇ ದರ ವರ್ಷವಿಡೀ ಮುಂದುವರಿದರೆ ನೂರರಲ್ಲಿ ಉಳಿಯುವುದು 28. ಬೆಂಗಳೂರಿನಲ್ಲೂ ಅದೇ ವರ್ಷಗಳಲ್ಲಿ ಹಲವು ಕಂಪನಿಗಳ ಪೆಡಲ್ ಸೈಕಲ್ ಬಂದವು, ಹೋದವು. ಉಳಿದ ‘ಯೂಲು’ ಎಂದರೆ ಈಗ ಜನರಿಗೆ ಬ್ಯಾಟರಿ ಗಾಡಿಯೇ ನೆನಪಾಗುವುದು.

ನಮ್ಮ ಜಿಲ್ಲೆಯಲ್ಲಿ ಕಳವಿಗಿಂತ ನನಗೆ ಹೆಚ್ಚು ಭಯ ಮಳೆಯದು. ಸಕಲೇಶಪುರದ ಕಡೆಯ ಮಲೆನಾಡಿಗೂ ಚನ್ನರಾಯಪಟ್ಟಣದ ಬಯಲಿಗೂ ನಡುವೆ ಹಾಸನವಿದೆ. ಜೂನ್‌ನಿಂದ ಸೋನೆ ಹಿಡಿದರೆ ಬಯಲಲ್ಲಿ ನಿಂತ ಸೈಕಲ್ ಒಣಗುವುದೇ ಇಲ್ಲ. ಉಕ್ಕಿನ ರಿಮ್ಮು ಒದ್ದೆಯಾದಾಗ ರಬ್ಬರಿನ ಬ್ರೇಕ್ ಹಿಡಿತ ಬಹುಪಾಲು ಹೋಗುತ್ತದೆ, ಸವೆದ ಬ್ರೇಕಿನಲ್ಲಂತೂ ಇನ್ನೂ ಹೆಚ್ಚು. ಗಂಟೆಗೆ 15 ಕಿಲೋಮೀಟರ್ ವೇಗದ ಸೈಕಲ್ ಒಳ್ಳೆಯ ಬ್ರೇಕಿನಲ್ಲಿ ಮೂರು ಮೀಟರಿನೊಳಗೆ ನಿಲ್ಲುತ್ತದೆ. ಹಿಡಿತ ಮೂರನೇ ಒಂದು ಪಾಲಿಗೆ ಇಳಿದರೆ ನಿಲ್ಲಲು ಒಂಬತ್ತು ಮೀಟರ್ ಬೇಕು. ಹಾಸನದ ಎನ್.ಆರ್. ವೃತ್ತದಂಥ ಕಡೆ, ಮುಂದೆ ಬಸ್ಸು ಅಡ್ಡ ಬಂದಾಗ, ಆ ಆರು ಮೀಟರ್ ಎಲ್ಲಿಂದ ತರುವುದು? ಚೈನು ಜಾರಿದರೆ ಸವಾರ ಇಳಿದು ತಳ್ಳುತ್ತಾನೆ. ಬ್ರೇಕ್ ಜಾರಿದರೆ ಆ ಅವಕಾಶವಿಲ್ಲ.

ಸಣ್ಣ ಊರಿಗೆ ಮತ್ತೊಂದು ತೊಡಕು. ಅರಕಲಗೂಡಿಗೆ 40 ಸೈಕಲ್ ಸಾಕು ಎನ್ನೋಣ. ನಲವತ್ತಕ್ಕೂ ಒಬ್ಬ ಮೆಕ್ಯಾನಿಕ್ ಬೇಕೇ ಬೇಕು. ತಿಂಗಳಿಗೆ 20,000 ರೂಪಾಯಿ ಸಂಬಳವೆಂದರೆ ಸೈಕಲ್ಲಿಗೆ 500. ಸವಾರಿಗೆ 5 ರೂಪಾಯಿಯಾದರೆ ಆ ಸಂಬಳಕ್ಕೇ ಪ್ರತಿ ಸೈಕಲ್ ತಿಂಗಳಿಗೆ ನೂರು ಸವಾರಿ ಹೋಗಬೇಕು, ಟ್ಯೂಬು ಟೈರಿನ ಮಾತು ಆಮೇಲೆ. ಟಿಕೆಟ್ ಹಣದಲ್ಲಿ ಇದು ನಡೆಯುವ ವ್ಯವಹಾರವಲ್ಲ. ಊರಿನ ಸ್ಥಳೀಯ ಸಂಸ್ಥೆಯ ಬಜೆಟ್ಟಿನಲ್ಲಿ ಪ್ರತಿ ವರ್ಷ ಇದಕ್ಕೆಂದೇ ಹಣ ಇಡಬೇಕು. ಮೇಲಾಗಿ ಆ ಮೆಕ್ಯಾನಿಕ್ ಸಿಗಬೇಕಲ್ಲ. ಪೇಟೆಗಳ ಹಳೆಯ ಸೈಕಲ್ ಅಂಗಡಿಗಳು ಬೈಕ್ ಪಂಕ್ಚರ್ ಅಂಗಡಿಗಳಾಗಿವೆ, ಕೆಲವು ಮುಚ್ಚಿವೆ. 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟ ವರ್ಷಗಳಲ್ಲಿ ಈ ಅಂಗಡಿಗಳಿಗೆ ಹಳ್ಳಿಗಳಿಂದ ಒಂದಿಷ್ಟು ಕೆಲಸ ಬರುತ್ತಿತ್ತು; ರಿಪೇರಿಯ ಖರ್ಚನ್ನು ತಾಯ್ತಂದೆಯರೇ ಹೊರುತ್ತಿದ್ದರು. ಕೋವಿಡ್ ಬಂದ ಮೇಲೆ ಆ ವಿತರಣೆ ನಿಂತಿತು. ಕಡ್ಡಿ ಕಟ್ಟಿ ಬೆಂಡು ತೆಗೆಯಬಲ್ಲ ಕೈಗಳಿಗೆ ವಯಸ್ಸಾಗುತ್ತಿದೆ, ಅವರ ಪಕ್ಕದಲ್ಲಿ ಕೂತು ಕಲಿಯುವ ಹುಡುಗರು ಕಾಣುವುದಿಲ್ಲ.

ತಂದದ್ದನ್ನು ನೋಡಿಕೊಳ್ಳುವ ಕೆಲಸ ನಮ್ಮ ಊರಿಗೆ ಹೊಸದೇನಲ್ಲ. ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇದೆ. ಉಡಾವಣೆ ಒಂದು ದಿನದ ಸುದ್ದಿ. ಕಕ್ಷೆ ಸೇರಿದ ಉಪಗ್ರಹದ ಆರೋಗ್ಯವನ್ನು ವರ್ಷಗಟ್ಟಲೆ ಹಗಲೂ ರಾತ್ರಿ ನೋಡಿಕೊಳ್ಳುವುದು ಅಲ್ಲಿನವರ ಕೆಲಸ. ಮುಂದೆ ಸೈಕಲ್ ಯೋಜನೆಯ ಟೆಂಡರು ಬರೆಯುವವರೂ ಅದೇ ಊರಿನಲ್ಲಿ ಕೂತು ಬರೆಯುತ್ತಾರೆ ಎಂಬುದು ನನಗೆ ಸ್ವಲ್ಪ ಭರವಸೆ ಕೊಡುವ ಸಂಗತಿ.

ಆ ಟೆಂಡರಿನಲ್ಲಿ ಗುತ್ತಿಗೆದಾರನಿಗೆ ಹಣ ಸಲ್ಲಬೇಕಾದದ್ದು ತಂದು ನಿಲ್ಲಿಸಿದ ಸೈಕಲ್ಲಿನ ಎಣಿಕೆಗಲ್ಲ, ಬೆಳಿಗ್ಗೆ ಏಳು ಗಂಟೆಗೆ ಬ್ರೇಕ್ ಹಿಡಿದು ನೋಡಿದಾಗ ಓಡುವ ಸ್ಥಿತಿಯಲ್ಲಿರುವ ಸೈಕಲ್ಲಿನ ಎಣಿಕೆಗೆ. ಆ ಪರೀಕ್ಷೆಯನ್ನು ಊರಿನ ಸೈಕಲ್ ಅಂಗಡಿಯವರಿಗೇ ವಹಿಸಿ, ಸೈಕಲ್ಲಿಗೆ ಇಷ್ಟು ಎಂದು ತಿಂಗಳ ದುಡ್ಡು ಕೊಡಬಹುದು. ಒಬ್ಬ ಹುಡುಗನಾದರೂ ಕೆಲಸ ಕಲಿಯಬೇಕೆಂಬ ಷರತ್ತನ್ನೂ ಹಾಕಬಹುದು. ಕೆಟ್ಟ ಸೈಕಲ್ ಎರಡು ದಿನದೊಳಗೆ ಬೀದಿಗೆ ಮರಳಬೇಕು. ತಿಂಗಳಿಗೊಮ್ಮೆ ಕೆಡುವ ಸೈಕಲ್ ಎರಡು ದಿನದಲ್ಲಿ ರಿಪೇರಿಯಾದರೆ ನೂರರಲ್ಲಿ ಸುಮಾರು 94 ಸದಾ ಓಡುತ್ತಿರುತ್ತವೆ. ಹದಿನೈದು ದಿನ ಹಿಡಿದರೆ 67. ತಿಂಗಳು ಹಿಡಿದರೆ 50. ನೂರರಲ್ಲಿ ಎಷ್ಟು ಓಡುತ್ತಿವೆ ಎಂಬ ಈ ಒಂದು ಸಂಖ್ಯೆಯನ್ನು ಪ್ರತಿ ತಿಂಗಳೂ ನಗರದ ಸೂಚನಾ ಫಲಕದಲ್ಲಿ ಹಾಕಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದನ್ನು ಬೇರೆಯಾಗಿಯೇ ಹಾಕಲಿ. ಮೊದಲ ಮಳೆಗಾಲದಲ್ಲೇ ಅದು 80ಕ್ಕಿಂತ ಕೆಳಗೆ ಬಂದರೆ, ಎರಡನೇ ಕಂತಿನಲ್ಲಿ ಹೊಸ ಸೈಕಲ್ ಕೊಳ್ಳುವುದನ್ನು ನಿಲ್ಲಿಸಿ ಆ ಹಣದಲ್ಲಿ ಇನ್ನೊಬ್ಬ ಮೆಕ್ಯಾನಿಕ್ಕನ್ನೂ ಒಂದು ಚಾವಣಿಯನ್ನೂ ಕೊಡಬೇಕು.