ಕೋಟೆ, ಪೇಟೆ ಮತ್ತು ನೂರು ಮೀಟರ್

ತೆರಿಗೆ ಲೆಕ್ಕಪರಿಶೋಧನೆಯ ಗಡುವು ಕಳೆದ ಮೇಲೆ ನಮ್ಮ ವೃತ್ತಿಯವರಿಗೆ ಒಂದೆರಡು ಭಾನುವಾರ ಬಿಡುವು ದೊರೆಯುತ್ತದೆ. ಆ ಭಾನುವಾರಗಳಲ್ಲಿ ಕೋಟೆಗಳನ್ನು ನೋಡಿ ಬರುವುದು ಈ ಲೇಖಕನ ಹಳೆಯ ಅಭ್ಯಾಸ. ಹೊರಮಾವಿನಿಂದ ಹೆಣ್ಣೂರು, ಬಾಗಲೂರು ಮಾರ್ಗವಾಗಿ ಹೊರಟರೆ ಬೆಳಗಿನ ಉಪಾಹಾರದ ಹೊತ್ತಿಗೆ ದೇವನಹಳ್ಳಿ ಕೋಟೆಯ ಬಾಗಿಲಿನಲ್ಲಿರಬಹುದು. 1501ರಲ್ಲಿ ಮಲ್ಲಬೈರೇಗೌಡರು ಕಟ್ಟಿಸಿದ ಮಣ್ಣಿನ ಕೋಟೆಯಿದ್ದ ಸ್ಥಳದಲ್ಲಿ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಎದ್ದ ಕಲ್ಲಿನ ಕೋಟೆಯಿದು. ಅರ್ಧವೃತ್ತಾಕಾರದ ಹನ್ನೆರಡು ಕೊತ್ತಲಗಳುಳ್ಳದ್ದು. ಚಿತ್ರದುರ್ಗದ ಏಳು ಸುತ್ತುಗಳ ಗಾಂಭೀರ್ಯ ಇದಕ್ಕಿಲ್ಲ, ನಿಜ. ಆದರೆ ಇದರೊಳಗೆ ಜನ ಇಂದಿಗೂ ವಾಸವಾಗಿದ್ದಾರೆ. ವೇಣುಗೋಪಾಲಸ್ವಾಮಿ ದೇವಾಲಯವಿದೆ, ಮನೆಗಳಿವೆ. ಕೋಟೆಯ ಮೇಲೆ ನಿಂತವನ ತಲೆಯ ಮೇಲೆ ವಿಮಾನಗಳು ಹಾದುಹೋಗುತ್ತವೆ. (ಸಿಕ್ಕರೆ ಹಿಂದಿರುಗುವಾಗ ಒಂದು ಚಕ್ಕೋತ ಕೊಳ್ಳಬೇಕೆಂಬುದು ಮನೆಯವರ ಆಜ್ಞೆ.)

ಕೋಟೆ ಅರಸರ ವಿಷಯ, ವ್ಯಾಪಾರಿಗೆ ಅದರಿಂದೇನು ಎಂದು ಕೇಳುವವರುಂಟು. ಕೋಟೆಯೆಂಬುದು ಮೊದಲಿಗೆ ಒಂದು ಭಾರಿ ಬಂಡವಾಳ ವೆಚ್ಚ ಎಂಬುದನ್ನು ಅವರು ಮರೆಯುತ್ತಾರೆ. ಇದರ ಲೆಕ್ಕ ಚೆನ್ನಾಗಿ ಉಳಿದು ಬಂದಿರುವುದು ದೂರದ ವೇಲ್ಸ್ ನಾಡಿನಲ್ಲಿ. ಆ ನಾಡನ್ನು ಗೆದ್ದ ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡ್ 1283ರಿಂದ ಕಾನ್ವಿ, ಕರ್ನಾರ್ವನ್, ಹಾರ್ಲೆಕ್‌ಗಳಲ್ಲಿ ಕೋಟೆಗಳನ್ನು ಕಟ್ಟಿಸಿದನು. ಕಾನ್ವಿಯ ಕೋಟೆಗೂ ಊರಿನ ಗೋಡೆಗೂ ಆ ಕಾಲದ ಸುಮಾರು 15,000 ಪೌಂಡುಗಳು ತಗುಲಿದವು. 1295ರಲ್ಲಿ ಆರಂಭವಾದ ಬ್ಯೂಮಾರಿಸ್ ಕೋಟೆಯ ಕೆಲಸ ನಡೆಯುತ್ತಿದ್ದಾಗ ಮುಖ್ಯ ಶಿಲ್ಪಿ ಜೇಮ್ಸ್ 1296ರ ಫೆಬ್ರವರಿಯಲ್ಲಿ ಖಜಾನೆಗೆ ಬರೆದ ಪತ್ರ ಉಳಿದಿದೆ. 400 ಕಲ್ಲುಕುಟಿಗರು, 2,000 ಕೂಲಿಯಾಳುಗಳು, ಗಣಿಯಲ್ಲಿ 200 ಮಂದಿ, 30 ದೋಣಿಗಳು ಎಂದು ಬಾಬುವಾರು ವಿವರಿಸಿ, ಹಣ ಕಳುಹಿಸಿರೆಂದು ಅವನು ಬೇಡುತ್ತಾನೆ. ಗುತ್ತಿಗೆದಾರರಾಗಿರುವ ನಮ್ಮ ಸದಸ್ಯರಿಗೆ ಈ ಪತ್ರದ ಧಾಟಿ ಅಪರಿಚಿತವೆನಿಸದು. ಬ್ಯೂಮಾರಿಸ್ ಪೂರ್ಣಗೊಳ್ಳಲೇ ಇಲ್ಲ. ಅಪೂರ್ಣವಾದ ಆ ಕೋಟೆಯೂ ಸೇರಿದಂತೆ ಈ ನಾಲ್ಕೂ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪ್ರವಾಸಿಗರು ಶುಲ್ಕ ತೆತ್ತು ನೋಡುತ್ತಾರೆ. ದೊರೆಗೆ ಬಾರದ ಆದಾಯ ಏಳು ಶತಮಾನಗಳ ನಂತರ ಆ ಊರುಗಳಿಗೆ ಬರುತ್ತಿದೆ.

ಅಲ್ಲಿ ಕೋಟೆಯ ಮಗ್ಗುಲಲ್ಲೇ ಗೋಡೆ ಸುತ್ತಿದ ವ್ಯಾಪಾರದ ಊರನ್ನು ಕಟ್ಟಿ ವರ್ತಕರನ್ನು ಕರೆತಂದು ನೆಲೆಗೊಳಿಸಿದ್ದು ಗಮನಾರ್ಹ. ನಮ್ಮಲ್ಲಿಯೂ ಕೋಟೆ-ಪೇಟೆಗಳದು ಜೋಡಿ ಬಾಳು. 1537ರಲ್ಲಿ ಕೆಂಪೇಗೌಡರು ಕೋಟೆಯೊಡನೆ ಅರಳೆಪೇಟೆ, ತರಗುಪೇಟೆ, ಅಕ್ಕಿಪೇಟೆಗಳಂತಹ ಪೇಟೆಗಳ ಊರನ್ನೂ ಹುಟ್ಟುಹಾಕಿದರು. ಕಸುಬಿನ ಹೆಸರು ಬೀದಿಯ ಹೆಸರಾಯಿತು. 1761ರಲ್ಲಿ ಹೈದರ್ ಅಲಿ ಕೋಟೆಯನ್ನು ಕಲ್ಲಿನಲ್ಲಿ ಬಲಪಡಿಸಿದನು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯಕ್ಕೆ ಮೊದಲು ಬಿದ್ದದ್ದು ಪೇಟೆ. ಕೋಟೆ ಬಿದ್ದದ್ದು ಮಾರ್ಚ್ 21ರ ರಾತ್ರಿ. ಆ ಎರಡು ವಾರ ವರ್ತಕರ ಪಾಡೇನಾಗಿತ್ತೆಂಬುದನ್ನು ಯಾವ ದಂಡನಾಯಕನ ಕಥೆಯೂ ವಿಸ್ತರಿಸುವುದಿಲ್ಲ. ಇಂದು ಉಳಿದಿರುವುದು ಕೃಷ್ಣರಾಜೇಂದ್ರ ರಸ್ತೆಯ ದೆಹಲಿ ಬಾಗಿಲು ಮತ್ತು ಅದರ ಆಸುಪಾಸಿನ ಒಂದಿಷ್ಟು ಗೋಡೆ ಮಾತ್ರ. ಮಾರುಕಟ್ಟೆಗೆ ವಾರಕ್ಕೆ ಮೂರು ಬಾರಿ ಹೋಗುವ ನಮ್ಮವರಲ್ಲಿ ಆ ಬಾಗಿಲನ್ನು ದಾಟಿ ಒಳಗೆ ಹೋದವರೆಷ್ಟು ಮಂದಿ?

ಹೋಗದಿದ್ದುದರ ದಂಡವನ್ನು ನನ್ನ ಕಕ್ಷಿದಾರರೊಬ್ಬರು ತೆತ್ತರು. ಅದರಲ್ಲಿ ನನ್ನ ಪಾಲೂ ಇದೆ. 2016ರಲ್ಲಿ ಅವರು ಒಂದು ಹಳೆಯ ಕೋಟೆಯ ಸಮೀಪ ಹಂಚಿನ ಕಟ್ಟಡವೊಂದನ್ನು ಕೊಂಡರು. ಕೆಡವಿ ಮೂರು ಮಹಡಿ ಕಟ್ಟಿ, ಕೆಳಗೆ ಅಂಗಡಿ ಮೇಲೆ ಗೋದಾಮು ಮಾಡುವ ಆಸೆ. ಖಾತೆ, ಋಣಭಾರ ಪತ್ರ, ಸಾಲದ ಕಂತು, ಸವಕಳಿ ಎಲ್ಲವನ್ನೂ ನಾನು ನೋಡಿದೆ, ಕೋಟೆಯನ್ನು ನೋಡಲಿಲ್ಲ. ನೋಂದಣಿಯಾದ ಮೇಲೆ ನಕ್ಷೆಯ ಮಂಜೂರಾತಿಗೆ ಹೋದಾಗ ಕಾನೂನು ಎದುರಾಯಿತು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಾದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ನಿಷೇಧ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ, ಅಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಇದು ಋಣಭಾರ ಪತ್ರದಲ್ಲಿ ಕಾಣುವ ಋಣವಲ್ಲ. ಮಾರಿದವರು ಹೇಳಲಿಲ್ಲ, ನಾವು ಕೇಳಲಿಲ್ಲ. ಕಂತು ಮಾತ್ರ ತಿಂಗಳು ತಿಂಗಳು ಬರುತ್ತಿತ್ತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡವಾದರೆ, ನಿಷೇಧಿತ ವಲಯದಲ್ಲಿಯೂ ದುರಸ್ತಿ ಮತ್ತು ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಕಟ್ಟಡದ ವಯಸ್ಸನ್ನು ರುಜುವಾತುಪಡಿಸಲು ಹಳೆಯ ಕಂದಾಯ ರಸೀದಿಗಳೇ ಆಧಾರವಾದವು. ಸದಸ್ಯರು ಇಂತಹ ಕಾಗದಗಳನ್ನು ಗೆದ್ದಲಿಗೆ ಬಿಡಬಾರದು.

ಇನ್ನೊಂದು ವಿಷಯ. 2013ರ ಕಂಪನಿ ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ರಾಷ್ಟ್ರೀಯ ಪರಂಪರೆಯ ಸಂರಕ್ಷಣೆಯೂ ಸಾಮಾಜಿಕ ಹೊಣೆಗಾರಿಕೆಯ ವೆಚ್ಚವಾಗಿ ಪರಿಗಣಿತವಾಗಿದೆ. ಶೇಕಡ 2ರ ನಿಯಮ ಅನ್ವಯಿಸುವ ಕಂಪನಿಗಳು ನಮ್ಮಲ್ಲಿ ಕಡಿಮೆ; ಆದರೆ ಅಂತಹವುಗಳಿಗೆ ಸರಕು ಪೂರೈಸುವವರು ಅನೇಕರಿದ್ದಾರೆ, ಮಾತಿನ ನಡುವೆ ಒಂದು ಸೂಚನೆ ಕೊಡಬಹುದು. ದೇವನಹಳ್ಳಿಗೆ ಬರುವ ಪ್ರವಾಸಿಗೆ ಕುಡಿಯುವ ನೀರು, ಶೌಚಾಲಯ, ಓದಬಲ್ಲ ಕನ್ನಡದಲ್ಲಿ ಒಂದು ಫಲಕ, ಇಷ್ಟು ಚೆನ್ನಾಗಿದ್ದರೂ ಕೋಟೆಬಾಗಿಲಿನ ಅಂಗಡಿಗಳ ಗಲ್ಲಾಪೆಟ್ಟಿಗೆಗೆ ಅದು ಗೊತ್ತಾಗುತ್ತದೆ.

ನನ್ನ ಕಕ್ಷಿದಾರರ ಕಟ್ಟಡ ಹಂಚು ಬದಲಿಸಿಕೊಂಡು, ಸುಣ್ಣ ಬಳಿಸಿಕೊಂಡು ನಿಂತಿದೆ. ಗೋದಾಮು ಬೇರೆ ಕಡೆ ಬಾಡಿಗೆಯಲ್ಲಿದೆ. ಹೋದ ಬಾರಿ ಅಲ್ಲಿಗೆ ಹೋದಾಗ ಅವರು ನನ್ನನ್ನು ಕೋಟೆಯೊಳಗೆ ಕರೆದೊಯ್ದು, ಕೊತ್ತಲದ ಮೇಲಿನಿಂದ ತಮ್ಮ ಮಾಡನ್ನು ತೋರಿಸಿದರು. ತೀರಾ ಹತ್ತಿರದಲ್ಲೇ ಕಾಣುತ್ತಿತ್ತು.