ಸೃಷ್ಟಿಕಥನದ ಅಕ್ಷರಶಃ ಓದು: ಕ್ರೈಸ್ತ ಪರಂಪರೆಯ ಕೆಲವು ನಿಲುವುಗಳು

ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡವು ಆರು ದಿನಗಳ ಸೃಷ್ಟಿಯ ಕಥನದೊಂದಿಗೆ ಆರಂಭವಾಗುತ್ತದೆ. ಈ ಕಥನವನ್ನು ಕುರಿತು ವಿದ್ಯಾವಂತರಲ್ಲಿ ಒಂದು ಸಾಮಾನ್ಯ ತಿಳಿವಳಿಕೆ ಬೇರೂರಿದೆ. ಪ್ರಾಚೀನ ಕ್ರೈಸ್ತರೆಲ್ಲರೂ ಇದನ್ನು ಅಕ್ಷರಶಃ ನಂಬಿದ್ದರು, 1859ರಲ್ಲಿ ಡಾರ್ವಿನ್ನನ ಗ್ರಂಥ ಪ್ರಕಟವಾದ ಮೇಲೆ ಅವರಲ್ಲಿ ಕೆಲವರು ಹಿಂದೆ ಸರಿದು ಸಾಂಕೇತಿಕ ಅರ್ಥವನ್ನು ಹುಡುಕತೊಡಗಿದರು, ಉಳಿದವರು ಹಳೆಯ ನಂಬಿಕೆಗೇ ಅಂಟಿಕೊಂಡರು ಎಂಬುದೇ ಆ ತಿಳಿವಳಿಕೆ. ಪರಂಪರೆಯ ಆಧಾರಗಳನ್ನು ಪರಿಶೀಲಿಸಿದಾಗ ಇದು ನಿಲ್ಲುವುದಿಲ್ಲ. ‘ಅಕ್ಷರಶಃ’ ಎಂಬ ಮಾತಿನ ಅರ್ಥವೇ ಕಾಲದಿಂದ ಕಾಲಕ್ಕೆ ಬದಲಾಗಿದೆ. ಇಂದು ಆ ಹೆಸರಿನಿಂದ ಪ್ರಸಿದ್ಧವಾಗಿರುವ ಓದು ಬಹುಮಟ್ಟಿಗೆ ಆಧುನಿಕ ಕಾಲದ ನಿರ್ಮಿತಿಯಾಗಿದೆ.

ಮೊದಲು ಪಠ್ಯವನ್ನೇ ನೋಡಬಹುದು. ಆದಿಕಾಂಡದ ಆರಂಭದಲ್ಲಿ ಇರುವುದು ಒಂದಲ್ಲ, ಎರಡು ಸೃಷ್ಟಿಕಥನಗಳು. ಮೊದಲ ಅಧ್ಯಾಯದಲ್ಲಿ ಬೆಳಕು, ಆಕಾಶ, ಭೂಮಿ, ಸಸ್ಯ, ಸೂರ್ಯಚಂದ್ರ, ಪ್ರಾಣಿಗಳು ಕ್ರಮವಾಗಿ ಉಂಟಾಗಿ, ಕೊನೆಗೆ ಗಂಡು ಹೆಣ್ಣುಗಳು ಒಟ್ಟಿಗೆ ಸೃಷ್ಟಿಯಾಗುತ್ತಾರೆ. ಎರಡನೆಯ ಅಧ್ಯಾಯದಲ್ಲಿ ಮೊದಲು ಮಣ್ಣಿನಿಂದ ಪುರುಷ, ಆಮೇಲೆ ಏದೆನ್ ತೋಟ, ಅನಂತರ ಪ್ರಾಣಿಗಳು, ಕೊನೆಗೆ ಪುರುಷನ ಪಕ್ಕೆಲುಬಿನಿಂದ ಸ್ತ್ರೀ. ದೇವರನ್ನು ಕರೆಯುವ ಹೆಸರೂ ಬದಲಾಗುತ್ತದೆ. ‘ದೇವರು’, ‘ಯೆಹೋವದೇವರು’ ಎಂಬ ಈ ವ್ಯತ್ಯಾಸವನ್ನು ಕನ್ನಡ ಅನುವಾದವೂ ಉಳಿಸಿಕೊಂಡಿದೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಇದು ತೀರ ಪರಿಚಿತವಾದ ಸಂಗತಿ. ಮೌಖಿಕ ಪರಂಪರೆಯಿಂದ ಬಂದ ಕಥನಕ್ಕೆ ಪಾಠಾಂತರಗಳಿರುವುದು ಸಹಜ. ಅಲನ್ ಡಂಡೆಸ್ 1999ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬೈಬಲನ್ನು ಇದೇ ನೆಲೆಯಿಂದ ಚರ್ಚಿಸಿದ್ದಾನೆ. ಎರಡು ಪಾಠಗಳನ್ನು ಪಕ್ಕಪಕ್ಕದಲ್ಲಿ ಇಟ್ಟ ಪ್ರಾಚೀನ ಸಂಕಲನಕಾರರಿಗೆ ಈ ಭಿನ್ನತೆ ಕಾಣದೆ ಹೋಗಿರಲಾರದು.

ಸೂರ್ಯನು ನಾಲ್ಕನೆಯ ದಿನ ಹುಟ್ಟುವುದಾದರೆ ಮೊದಲ ಮೂರು ದಿನಗಳ ಸಂಜೆ ಮುಂಜಾವುಗಳು ಎಂಥವು? ಈ ಪ್ರಶ್ನೆಯನ್ನು ಎತ್ತಿದವನು ಆಧುನಿಕ ವಿಚಾರವಾದಿಯಲ್ಲ, ಕ್ರಿ.ಶ. ಮೂರನೆಯ ಶತಮಾನದ ಅಲೆಕ್ಸಾಂಡ್ರಿಯದ ಒರಿಗೆನ್. ಬುದ್ಧಿಯುಳ್ಳವರಾರೂ ಇದನ್ನು ನಡೆದ ಘಟನೆಯ ವರದಿಯೆಂದು ತಿಳಿಯಲಾರರು ಎಂಬುದು ಅವನ ಅಭಿಪ್ರಾಯ. ನಾಲ್ಕನೆಯ ಶತಮಾನದಲ್ಲಿ ಸಿಸೇರಿಯದ ಬೇಸಿಲ್ ಇದಕ್ಕೆ ವಿರುದ್ಧವಾದ ನಿಲುವನ್ನು ತಾಳಿದನು. ಆರು ದಿನಗಳನ್ನು ಕುರಿತ ತನ್ನ ಉಪದೇಶಗಳಲ್ಲಿ ಹುಲ್ಲೆಂದರೆ ಹುಲ್ಲೇ, ನೀರೆಂದರೆ ನೀರೇ ಎಂದು ವಾದಿಸಿದನು. ಇವರಿಬ್ಬರಿಗಿಂತ ಕುತೂಹಲಕರನಾದವನು ಅಗಸ್ಟೀನ್. ಐದನೆಯ ಶತಮಾನದ ಆರಂಭದಲ್ಲಿ ಹನ್ನೆರಡು ಸಂಪುಟಗಳಲ್ಲಿ ಅವನು ಬರೆದ ವ್ಯಾಖ್ಯಾನದ ಶೀರ್ಷಿಕೆಯಲ್ಲಿಯೇ ‘ಅಕ್ಷರಶಃ’ ಎಂಬ ಮಾತಿದೆ. ಆದರೆ ಆ ವ್ಯಾಖ್ಯಾನದಲ್ಲಿ ದೇವರು ಸಮಸ್ತವನ್ನೂ ಏಕಕಾಲದಲ್ಲಿ ಸೃಷ್ಟಿಸಿದನೆಂದೂ ಆರು ದಿನಗಳು ಸೂರ್ಯನ ಗತಿಯಿಂದ ಅಳೆಯುವ ದಿನಗಳಲ್ಲವೆಂದೂ ಅವನು ಪ್ರತಿಪಾದಿಸುತ್ತಾನೆ. ಅವನ ಪಾಲಿಗೆ ಅಕ್ಷರಾರ್ಥವೆಂದರೆ ಗ್ರಂಥಕರ್ತನು ಹೇಳಹೊರಟ ನಿಜಸಂಗತಿಯೇ ಹೊರತು ಗಡಿಯಾರದ ಲೆಕ್ಕವಲ್ಲ. ಭೂಮಿ ಆಕಾಶಗಳ ವಿಷಯದಲ್ಲಿ ಕ್ರೈಸ್ತರು ಶಾಸ್ತ್ರದ ಹೆಸರಿನಲ್ಲಿ ಅಸಂಬದ್ಧವಾಗಿ ಮಾತನಾಡಿದರೆ, ಬಲ್ಲ ಅನ್ಯಮತೀಯರು ಶಾಸ್ತ್ರವನ್ನೇ ನಗೆಗೀಡುಮಾಡುತ್ತಾರೆ ಎಂದೂ ಅವನು ಎಚ್ಚರಿಸಿದ್ದಾನೆ.

ಪರಿಸ್ಥಿತಿ ಬದಲಾದುದು ಹದಿನಾರನೆಯ ಶತಮಾನದ ಮತಸುಧಾರಣೆಯ ಕಾಲದಲ್ಲಿ. ಲೂಥರ್ ಅಗಸ್ಟೀನನ ಅಭಿಪ್ರಾಯವನ್ನು ತಿರಸ್ಕರಿಸಿ ಆರು ದಿನಗಳು ನಿಜವಾದ ದಿನಗಳೇ ಎಂದನು. ಕ್ಯಾಲ್ವಿನ್ನನೂ ಆರು ದಿನಗಳನ್ನು ಒಪ್ಪಿದನಾದರೂ ಮೋಶೆಯು ಪಾಮರರಿಗೆ ಕಾಣುವಂತೆ ಲೋಕವನ್ನು ವರ್ಣಿಸಿದ್ದಾನೆ, ಖಗೋಳಶಾಸ್ತ್ರವನ್ನು ಕಲಿಯಬಯಸುವವರು ಬೇರೆ ಕಡೆಗೆ ಹೋಗಬೇಕು ಎಂದು ಸೇರಿಸಿದನು. 1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ವಂಶಾವಳಿಗಳನ್ನೂ ರಾಜರ ಆಳ್ವಿಕೆಗಳನ್ನೂ ಲೆಕ್ಕಹಾಕಿ ಸೃಷ್ಟಿಯ ವರ್ಷವನ್ನು ಕ್ರಿ.ಪೂ. 4004 ಎಂದು ನಿರ್ಧರಿಸಿದನು. ಮುಂದೆ ಈ ಕಾಲಗಣನೆ ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಅಚ್ಚಾಯಿತು. ಅಂಚಿನ ಟಿಪ್ಪಣಿಗೆ ಮೂಲಪಠ್ಯದ ಪಾವಿತ್ರ್ಯ ಅಂಟಿಕೊಂಡುದು ಮುದ್ರಣ ಸಂಸ್ಕೃತಿಯ ಒಂದು ವಿಚಿತ್ರ ಪರಿಣಾಮ.

ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನವು ಭೂಮಿಯ ವಯಸ್ಸನ್ನು ಹಿಂದಕ್ಕೆ ತಳ್ಳಿದಾಗ ಶ್ರದ್ಧಾವಂತರು ಎರಡು ದಾರಿ ಹಿಡಿದರು. ಮೊದಲೆರಡು ವಾಕ್ಯಗಳ ನಡುವೆ ದೀರ್ಘಕಾಲ ಕಳೆದಿದೆ ಎಂಬುದು ಸ್ಕಾಟ್ಲೆಂಡಿನ ಥಾಮಸ್ ಚಾಮರ್ಸ್‌ನ ವಾದ. ಒಂದೊಂದು ದಿನವೂ ಒಂದೊಂದು ಯುಗವೆಂಬುದು ಹ್ಯೂ ಮಿಲ್ಲರ್‌ನ ವಾದ. ಇವು ಸಂಪ್ರದಾಯಸ್ಥರ ನಡುವೆಯೇ ಹಬ್ಬಿದ್ದ ವಾದಗಳೆಂಬುದು ಮುಖ್ಯ. 1925ರಲ್ಲಿ ಅಮೆರಿಕದ ಟೆನೆಸೀ ರಾಜ್ಯದ ಡೇಟನ್ನಿನಲ್ಲಿ ನಡೆದ ಪ್ರಸಿದ್ಧ ವಿಚಾರಣೆಯಲ್ಲಿ ವಿಕಾಸವಾದದ ವಿರುದ್ಧ ನಿಂತ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಕೂಡ, ಆ ದಿನಗಳು ಇಪ್ಪತ್ತನಾಲ್ಕು ಗಂಟೆಯವೇ ಆಗಬೇಕಿಲ್ಲ ಎಂದು ಪ್ರತಿವಾದಿಯ ವಕೀಲ ಡ್ಯಾರೋನ ಪ್ರಶ್ನೆಗೆ ಉತ್ತರಿಸಿದ್ದನು.

ಹಾಗಾದರೆ ಆರು ದಿನಗಳನ್ನು ಬಿಡದೆ ಹಿಡಿದವರು ಯಾರು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರಲ್ಲಿ ಪ್ರಮುಖರು ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಗಡದವರು. ಇದಕ್ಕೆ ಕಾರಣ ಅವರ ಆಚರಣೆಯಲ್ಲಿದೆ. ಆರು ದಿನ ಸೃಷ್ಟಿಸಿ ಏಳನೆಯ ದಿನ ದೇವರು ವಿಶ್ರಮಿಸಿದ್ದರಿಂದಲೇ ಮನುಷ್ಯರೂ ಸಬ್ಬತ್ತನ್ನು ಆಚರಿಸಬೇಕೆಂದು ವಿಮೋಚನಕಾಂಡ ವಿಧಿಸುತ್ತದೆ. ಶನಿವಾರದ ಸಬ್ಬತ್ತೇ ತಮ್ಮ ಗುರುತಾಗಿರುವ ಪಂಗಡಕ್ಕೆ ದಿನವು ಯುಗವಾದರೆ ಆಚರಣೆಯ ಆಧಾರವೇ ಕುಸಿಯುತ್ತದೆ. ಪುರಾಣವು ಆಚರಣೆಗೆ ಸನ್ನದಿನಂತೆ ಕೆಲಸ ಮಾಡುತ್ತದೆ ಎಂದು ಮ್ಯಾಲಿನೋವ್ಸ್‌ಕಿ 1926ರಲ್ಲಿ ಹೇಳಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಅದೇ ಪಂಗಡದ ಜಾರ್ಜ್ ಮೆಕ್ರೆಡಿ ಪ್ರೈಸ್ 1923ರಲ್ಲಿ ಶಿಲಾಸ್ತರಗಳನ್ನೆಲ್ಲ ನೋಹನ ಪ್ರಳಯದಿಂದ ವಿವರಿಸಿದನು. 1961ರಲ್ಲಿ ದೇವಶಾಸ್ತ್ರಜ್ಞ ಜಾನ್ ವಿಟ್‌ಕಮ್ ಮತ್ತು ಜಲವಿಜ್ಞಾನದ ಎಂಜಿನಿಯರ್ ಹೆನ್ರಿ ಮಾರಿಸ್ ಒಟ್ಟಾಗಿ ಬರೆದ ಗ್ರಂಥದ ಮೂಲಕ ಈ ವಾದ ಇತರ ಪ್ರಾಟೆಸ್ಟೆಂಟರಲ್ಲಿ ವ್ಯಾಪಕವಾಗಿ ಹರಡಿತು. ವಿಜ್ಞಾನವನ್ನು ವಿರೋಧಿಸುವ ಈ ಓದು ಸತ್ಯವೆಂದರೆ ಅಳೆಯಬಹುದಾದ ವಸ್ತುಸಂಗತಿ ಎಂಬ ಕಲ್ಪನೆಯನ್ನು ವಿಜ್ಞಾನದಿಂದಲೇ ಪಡೆದುಕೊಂಡಿದೆ.

ಇದನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಸಂಶೋಧನೆಯ ಮಾರ್ಗವಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಆದಾಮನಿಂದ ಪಾಪವೂ ಕ್ರಿಸ್ತನಿಂದ ಬಿಡುಗಡೆಯೂ ಬಂದವೆಂದು ಸಮಾನಾಂತರವಾಗಿ ಹೇಳುತ್ತಾನೆ. ಆದಾಮನು ವ್ಯಕ್ತಿಯಲ್ಲವೆಂದರೆ ಬಿಡುಗಡೆಯ ತತ್ತ್ವದ ಗತಿಯೇನು ಎಂಬ ಆತಂಕ ನಿಜವಾದುದು. 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಮಾನವದೇಹದ ವಿಕಾಸವನ್ನು ಕುರಿತ ವಿಚಾರಕ್ಕೆ ಅವಕಾಶ ಕೊಟ್ಟರೂ, ಮನುಕುಲಕ್ಕೆ ಅನೇಕ ಆದಿಪುರುಷರಿದ್ದರೆಂಬ ಊಹೆಯನ್ನು ಒಪ್ಪದೆ ಇದ್ದುದು ಈ ಕಾರಣಕ್ಕೇ. 1996ರಲ್ಲಿ ಎರಡನೆಯ ಜಾನ್ ಪಾಲ್ ವಿಕಾಸವಾದವು ಬರಿಯ ಊಹೆಗಿಂತ ಮಿಗಿಲಾದುದು ಎಂದರು.

ಪರಿಭಾಷೆಯೂ ಇಲ್ಲಿ ತೊಡಕನ್ನುಂಟುಮಾಡುತ್ತದೆ. ಹೇಳುವ ಸಮುದಾಯವು ಗತಕಾಲದಲ್ಲಿ ನಿಜವಾಗಿ ನಡೆದುದೆಂದು ನಂಬಿರುವ ಪವಿತ್ರ ಕಥನವೇ ‘ಮಿಥ್’ ಎಂಬುದು ವಿಲಿಯಂ ಬ್ಯಾಸ್ಕಂ 1965ರಲ್ಲಿ ನೀಡಿದ ನಿರ್ವಚನ. ಕಥನದ ನಿಜ ಸುಳ್ಳುಗಳನ್ನು ಅದು ತೀರ್ಮಾನಿಸುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಆ ಪದಕ್ಕೆ ಸುಳ್ಳೆಂಬ ಅರ್ಥವೂ ಇದೆ. ಕನ್ನಡದ ‘ಪುರಾಣ’ಕ್ಕೂ ಆಡುಮಾತಿನಲ್ಲಿ ಇಂಥದೇ ಅವಸ್ಥೆ ಒದಗಿದೆ. ಆದಿಕಾಂಡದ ಕಥನಗಳನ್ನು ಐತಿಹ್ಯಗಳೆಂದು ವರ್ಗೀಕರಿಸಿದ ಜರ್ಮನಿಯ ಹರ್ಮನ್ ಗುಂಕೆಲ್ 1901ರಷ್ಟು ಹಿಂದೆಯೇ ಐತಿಹ್ಯವು ಸುಳ್ಳಲ್ಲ ಎಂದು ವಿವರಿಸಬೇಕಾಗಿ ಬಂದಿತ್ತು.

ಅರ್ಕಾನ್ಸಾ ರಾಜ್ಯವು 1981ರಲ್ಲಿ ಶಾಲೆಗಳಲ್ಲಿ ವಿಕಾಸವಾದದೊಡನೆ ‘ಸೃಷ್ಟಿವಿಜ್ಞಾನ’ಕ್ಕೂ ಸಮಾನ ಅವಕಾಶ ಕೊಡಬೇಕೆಂಬ ಕಾನೂನನ್ನು ಮಾಡಿತು. ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವರಲ್ಲಿ ಮೊದಲ ಹೆಸರು ಮೆಥಡಿಸ್ಟ್ ಪಾದ್ರಿಯೊಬ್ಬರದು; ಮೆಥಡಿಸ್ಟ್, ಎಪಿಸ್ಕೋಪಲ್ ಮತ್ತು ರೋಮನ್ ಕ್ಯಾಥೊಲಿಕ್ ಸಭೆಗಳ ಬಿಷಪ್ಪರು ಅವರ ಜೊತೆಗಿದ್ದರು. 1982ರ ಜನವರಿಯಲ್ಲಿ ನ್ಯಾಯಾಧೀಶ ವಿಲಿಯಂ ಓವರ್ಟನ್ ಆ ಕಾನೂನನ್ನು ರದ್ದುಗೊಳಿಸಿದರು.